ಅಕ್ಕ ಆಲ್ಟರ್ನೇಟ್ ಆಗಿದ್ದ ಮೇ ತಿಂಗಳು

ತೊಂಬತ್ತರ ದಶಕದ ಮೇರಿಲ್ಯಾಂಡಿನಲ್ಲಿ ಬೆಳೆದ ಕನ್ನಡದ ಹುಡುಗಿಯರಿಗೆ ಶನಿವಾರವೆಂದರೆ ಭರತನಾಟ್ಯ, ಭಾನುವಾರವೆಂದರೆ ಲ್ಯಾನ್‌ಹ್ಯಾಮ್ ದೇವಸ್ಥಾನದ ಪುಳಿಯೋಗರೆ. ನಮ್ಮ ಮನೆಯಲ್ಲಿ ಇವೆರಡೂ ಅರ್ಧಂಬರ್ಧ ನಡೆಯುತ್ತಿದ್ದವು. ಯಾಕೆಂದರೆ ಅಕ್ಕ ಗೀತಾಗೆ ಲಕ್ರಾಸ್ ಹುಚ್ಚು ಹಿಡಿದಿತ್ತು. ನೋಡದವರಿಗೆ ಹೇಳುವುದಾದರೆ, ಕೋಲಿನ ತುದಿಗೊಂದು ಪುಟ್ಟ ಬಲೆ, ಬಲೆಯೊಳಗೆ ಗಟ್ಟಿ ರಬ್ಬರ್ ಚೆಂಡು. ಅದನ್ನು ಬೀಳಿಸದೆ ಓಡಿ ಎದುರಾಳಿಗಳ ಗೋಲಿಗೆ ಎಸೆಯಬೇಕು. ಆಗ ಹುಡುಗಿಯರು ಸ್ಕರ್ಟ್ ತೊಟ್ಟು, ಹಲ್ಲಿಗೊಂದು ರಬ್ಬರ್ ಪಟ್ಟಿ ಕಚ್ಚಿಕೊಂಡು ಆಡುತ್ತಿದ್ದರು. ತಲೆಗಾಗಲಿ ಕಣ್ಣಿಗಾಗಲಿ ಯಾವ ರಕ್ಷಣೆಯೂ ಇಲ್ಲ. ಅಮ್ಮ ಮೊದಲ ಸಲ ಆಟ ನೋಡಲು ಬಂದವಳು ಪೂರ್ತಿ ಹೊತ್ತು ಸೆರಗಿನ ತುದಿಯನ್ನೇ ನೋಡುತ್ತ ಕೂತಿದ್ದಳು.

ನಾನು ಆಗ ಐದನೇ ಕ್ಲಾಸು, ಅಕ್ಕ ಹನ್ನೊಂದನೇದು. ಸಂಜೆ ಸ್ಕೂಲಿಂದ ಬಂದವಳೇ ಗ್ಯಾರೇಜಿನ ಪಕ್ಕದ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದಳು. ಅವಳ ಜೊತೆಗೆ ಕೆಲ್ಲಿ. ಕೆಲ್ಲಿ ಎರಡು ಬೀದಿ ಆಚೆಯ ಹುಡುಗಿ, ಅಕ್ಕನ ಟೀಮಿನವಳು, ಮೂಗಿನ ಮೇಲೆಲ್ಲ ಕಂದು ಚುಕ್ಕೆ. ಅಮ್ಮನನ್ನು ಆಂಟಿ ಎನ್ನುತ್ತಿದ್ದಳು, ಉಪ್ಪಿಟ್ಟನ್ನು ಬಟ್ಟಲಿನ ತಳ ಕಾಣುವವರೆಗೆ ತಿನ್ನುತ್ತಿದ್ದಳು. ಅವಳ ಹೊಟ್ಟೆಬಾಕತನಕ್ಕೆ ಅಮ್ಮ ಸೋತುಹೋಗಿದ್ದಳು. ನಾವಿಬ್ಬರು ಉಪ್ಪಿಟ್ಟು ಕಂಡರೆ ಮುಖ ತಿರುಗಿಸುವವರು, ನಮಗಿಂತ ಅವಳೇ ತನ್ನ ಮೈಸೂರಿನವಳು ಅಂತ ಅಮ್ಮ ಹಂಗಿಸುತ್ತಿದ್ದಳು.

ಆ ವರ್ಷ ಇಬ್ಬರೂ ಸುತ್ತಲಿನ ಶಾಲೆಗಳಿಂದ ಆರಿಸುವ ಆಲ್‌ಸ್ಟಾರ್ ತಂಡದ ಆಯ್ಕೆಗೆ ಹೋದರು. ಅದರಲ್ಲಿ ಜಾಗ ಸಿಕ್ಕರೆ ಮೇ ಕೊನೆಯ ರಜೆಯಲ್ಲಿ ದೊಡ್ಡ ಟೂರ್ನಮೆಂಟು, ಅಲ್ಲಿ ಸಾಲಾಗಿ ಮಡಚುಕುರ್ಚಿ ಹಾಕಿಕೊಂಡು ಕೂರುವ ಕಾಲೇಜು ಕೋಚ್‌ಗಳು. ಡರ್ಹಮ್ ಎಂಬ ಊರಿನ ಒಂದು ಕಾಲೇಜಿನ ಮೇಲೆ ಅಕ್ಕನಿಗೆ ಕಣ್ಣಿತ್ತು. ಅಲ್ಲಿನ ಕೋಚ್ ಆ ಟೂರ್ನಮೆಂಟಿಗೆ ಬಂದೇ ಬರುತ್ತಾರೆ, ಆಲ್‌ಸ್ಟಾರ್ ಆಗದವರ ಕಡೆ ತಿರುಗಿಯೂ ನೋಡುವುದಿಲ್ಲ ಅಂತ ಹುಡುಗಿಯರೆಲ್ಲ ಹೇಳುತ್ತಿದ್ದರು. ಆಯ್ಕೆಗೆ ಮುಂಚಿನ ಎರಡು ವಾರ ಅಕ್ಕ ಅದರ ಹೊರತು ಬೇರೆ ಮಾತಾಡಿದ್ದು ನನಗೆ ನೆನಪಿಲ್ಲ.

ಆಯ್ಕೆಯ ದಿನ ಬೆಳಗಿನಿಂದಲೇ ಧಗೆ. ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆ, ಅದರೊಳಗೆ ಕಾಡು ಈರುಳ್ಳಿಯ ಘಾಟು. ಹುಡುಗಿಯರು ಬೆನ್ನಿಗೆ ನಂಬರ್ ಕಟ್ಟಿಕೊಂಡು ಓಡುತ್ತಿದ್ದರು. ಆರಿಸುವವರು ಗೆರೆಯ ಆಚೆ ನಿಂತು ಏನೂ ಹೇಳದೆ ನೋಡುತ್ತಿದ್ದರು. ಸಂತೆಯಲ್ಲಿ ದನ ನೋಡುವವರೂ ಇಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿರುವುದಿಲ್ಲ. ಅಕ್ಕ ಮಾತ್ರ ಅವತ್ತು ಬೇರೆಯೇ ಆಗಿದ್ದಳು. ಚೆಂಡು ಅವಳ ಬಲೆಗೆ ತಾನಾಗಿ ಬಂದು ಬೀಳುತ್ತಿತ್ತು. ಪಕ್ಕದ ಅಮೆರಿಕನ್ ತಾಯಂದಿರು ಯಾರ ಹುಡುಗಿ ಇದು ಅಂತ ಕೇಳುವುದು ನಮಗೆ ಕೇಳಿಸಿತು.

ಊಟದ ಹೊತ್ತಿಗೆ ಆರಿಸುವವರಲ್ಲಿ ಹಿರಿಯಳಾದ ಬಿಳಿ ಕೂದಲಿನ ಹೆಂಗಸು ನಾವು ಕೂತಿದ್ದ ಮರದ ನೆರಳಿಗೆ ಬಂದಳು. ಅಪ್ಪ ತಟ್ಟನೆ ಎದ್ದು ತಮ್ಮ ಕುರ್ಚಿ ಕೊಟ್ಟರು. ಅಮ್ಮ ಚಿತ್ರಾನ್ನ ಹಾಕಿಕೊಟ್ಟಳು. ಅಪ್ಪ ಧಾರವಾಡದವರು, ವಾಷಿಂಗ್ಟನ್ನಿನಲ್ಲಿ ಸೇತುವೆಗಳ ಎಂಜಿನಿಯರು. ಬಂದವರನ್ನು ಬರಿಗೈಲಿ ಕಳಿಸುವ ಜಾಯಮಾನವೇ ಅಲ್ಲ ಅವರದು. ಆ ಹೆಂಗಸು ಎರಡು ಚಮಚ ತಿಂದು, ನಿಮ್ಮ ಮಗಳು ಅದ್ಭುತವಾಗಿ ಆಡುತ್ತಾಳೆ, ದಿನಕ್ಕೆ ಮೂರು ಮ್ಯಾಚ್ ತಡೆದುಕೊಳ್ಳುವ ಶಕ್ತಿ ಇದೆಯಾ, ಕಾಲೇಜಿನಲ್ಲೂ ಆಡುವ ಯೋಚನೆ ಇದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ಮಕ್ಕಳನ್ನು ಎದುರಿಗೇ ಹೊಗಳಿದಾಗ ನಮ್ಮವರು ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಅಪ್ಪ ಅದನ್ನೇ ಮಾಡಿದರು, ಅದೂ ತುಂಬು ಸಂತೋಷದಿಂದ, ಕೈ ಅಲ್ಲಾಡಿಸುತ್ತ. ಛೆ ಛೆ, ಅಂಥದ್ದೇನಿಲ್ಲ, ಅವಳದು ಸಾಧಾರಣ ಆಟ, ಬೇಗ ಸುಸ್ತಾಗುತ್ತಾಳೆ, ಓದಿನ ಮೇಲೆ ಗಮನ ಬಂದರೆ ಇದೆಲ್ಲ ಬಿಟ್ಟುಬಿಡುತ್ತಾಳೆ ಅಂದರು. ಅಷ್ಟಕ್ಕೇ ನಿಲ್ಲಿಸದೆ ಮೈದಾನದ ಕಡೆ ಬೆರಳು ತೋರಿಸಿ, ಅಲ್ಲಿ ನೋಡಿ, ಆ ಕೆಲ್ಲಿ, ಅವಳು ನಿಜವಾದ ಆಟಗಾರ್ತಿ, ಎಂಥ ಕಾಲು ಅವಳದು ಅಂದರು.

ಆ ಹೆಂಗಸಿನ ಮುಖದಲ್ಲಿದ್ದ ನಗು ಅಲ್ಲೇ ಉಳಿಯಿತು, ಆದರೆ ಕಣ್ಣು ಬದಲಾಯಿತು. ಅವಳು ಅಕ್ಕನನ್ನೊಮ್ಮೆ, ಕೆಲ್ಲಿಯನ್ನೊಮ್ಮೆ ನೋಡಿ, ಥ್ಯಾಂಕ್ಯೂ ಹೇಳಿ ಎದ್ದುಹೋದಳು. ಏನೋ ಕೆಟ್ಟದ್ದು ಶುರುವಾಯಿತು ಅಂತ ನನಗೆ ಆಗಲೇ ಅನ್ನಿಸಿತ್ತು. ಏನು ಅಂತ ಹೇಳುವ ವಯಸ್ಸಲ್ಲ. ಅಮ್ಮ ಡಬ್ಬಿ ಮುಚ್ಚುತ್ತ ಮೆಲ್ಲಗೆ, "ಬೇರೆಯವರ ಮಗೂನ ಹಾಗೆ ಬೆರಳು ತೋರಿಸಿ ಹೊಗಳಬಾರದಿತ್ತು ನೀವು," ಅಂದಳು.

"ಛಲೋ ಆಡ್ತಾಳ, ಛಲೋ ಅಂದೆ. ತಪ್ಪೇನು ಅದರಾಗ?" ಅಂದರು ಅಪ್ಪ.

ಸಂಜೆ ಹುಡುಗಿಯರನ್ನು ಹುಲ್ಲಿನ ಮೇಲೆ ಕೂರಿಸಿ ಹೆಸರು ಕೂಗಿದರು. ಕೆಲ್ಲಿಯ ಹೆಸರು ಬಂತು. ಎಲ್ಲ ಮುಗಿದ ಮೇಲೆ, ಆಲ್ಟರ್ನೇಟ್ ಅಂತ ಹೇಳಿ ಅಕ್ಕನ ಹೆಸರನ್ನು ಗೀಟಾ ಅಂತ ಕೂಗಿದರು. ಯಾಕೆ ಹೀಗಾಯಿತು ಅಂತ ಅವಳ ಸ್ಕೂಲಿನ ಕೋಚ್ ಮಾರನೇ ದಿನ ವಿಚಾರಿಸಿದಾಗ ಸಿಕ್ಕ ಉತ್ತರ ಇಷ್ಟೇ: ಆಟ ಚೆನ್ನಾಗಿದೆ, ಆದರೆ ತಡೆದುಕೊಳ್ಳುವುದಿಲ್ಲ ಅಂತ ತಂದೆಯೇ ಹೇಳಿದರು.

ಆ ಸಂಜೆ ಸ್ಕೂಲಿಂದ ಬಂದ ಅಕ್ಕ ಬ್ಯಾಗು ಹೆಗಲಿಂದ ಇಳಿಸದೆಯೇ ಅಪ್ಪನ ಮುಂದೆ ನಿಂತಳು. "ಅಪ್ಪ, ನೀವು ಅವರ ಹತ್ರ ಏನ್ ಹೇಳಿದ್ರಿ?"

"ಹೊಗಳಿದ್ರವಾ ನಿನ್ನ. ಅದಕ್ಕ ಅಷ್ಟೇನಿಲ್ಲ ಅಂದೆ. ಹೌದ್ರಿ, ನಮ್ಮ ಹುಡುಗಿ ಭಾಳ ಶಾಣ್ಯಾ ಅಂತ ನಾನ ಹೇಳ್ಕೊಳ್ಳಲೇನು? ನಮ್ಮ ಮಂದಿ ಹಂಗ ಹೇಳೂದಿಲ್ಲ."

"ಅಪ್ಪ, ಷಿ ಬಿಲೀವ್ಡ್ ಯು," ಅಂದಳು ಅಕ್ಕ. ಅಪ್ಪ ಪೇಪರ್ ಎತ್ತಿಕೊಂಡರು, ಆದರೆ ಹಾಳೆ ತಿರುಗಿಸಲಿಲ್ಲ.

ಅಮ್ಮ ಪಾತ್ರೆ ಒರೆಸುತ್ತ ಕೇಳಿದಳು, "ಆಲ್ಟರ್ನೇಟ್ ಅಂದ್ರೆ ಏನೇ?"

"ಟೀಮ್‌ನಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ನಾನು ಹೋಗ್ಬೋದು."

"ಹಾಗಾದ್ರೆ ಇನ್ನೂ ಚಾನ್ಸ್ ಇದೆ ಅನ್ನು," ಅಂದಳು ಅಮ್ಮ, ಮಗಳನ್ನು ಸಮಾಧಾನ ಮಾಡುವ ದನಿಯಲ್ಲಿ. ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಆದರೂ ಅಕ್ಕ ತಲೆ ಎತ್ತಿ ಅವಳನ್ನು ನೋಡಿದ ರೀತಿ ನನಗೆ ಹೆದರಿಕೆ ತಂದಿತು.

ಮುಂದಿನ ಭಾನುವಾರ ಲ್ಯಾನ್‌ಹ್ಯಾಮಿಗೆ ಹೋದೆವು. ಅಕ್ಕ ಬರಲಿಲ್ಲ. ಅಮ್ಮನಿಗೆ ದೇವರ ಹತ್ತಿರ ಸಂಕೋಚವೇ ಇರಲಿಲ್ಲ. ಅಂಗಡಿಯವನ ಹತ್ತಿರ ಕೊತ್ತಂಬರಿ ಕೊಸರು ಕೇಳುವ ಹಾಗೆ ಕೇಳುತ್ತಿದ್ದಳು. ಅಜ್ಜಿಯ ವೀಸಾ, ಅಪ್ಪನ ಬಿಪಿ, ನನ್ನ ಗಣಿತ, ಹಿಮದ ದಿನ ಕಾರು ಸ್ಟಾರ್ಟ್ ಆಗುವುದು, ಎಲ್ಲವೂ ಅವಳ ಅರ್ಜಿಯಲ್ಲಿ ಇರುತ್ತಿದ್ದವು. ಅವತ್ತು ಅಕ್ಕನ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಿಸಿದಳು. ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ವಾಪಸ್ಸು ಬರುವಾಗ ಕಾರಿನಲ್ಲಿ ಅವಳ ಮುಖ ಹಗುರವಾಗಿತ್ತು.

ಕೆಲ್ಲಿ ಎಂದಿನಂತೆ ಬರುತ್ತಲೇ ಇದ್ದಳು. ಗೋಡೆಗೆ ಚೆಂಡು ಬಡಿಯುವ ಸದ್ದು ಒಂದು ದಿನವೂ ತಪ್ಪಲಿಲ್ಲ. ಹದ ತಪ್ಪಿದ್ದು ಮನೆಯೊಳಗೆ. ಅವಳು ಗ್ಯಾರೇಜಿನ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿಯುವಾಗ ಅಮ್ಮ ಅಡುಗೆಮನೆಯ ಕಿಟಕಿಯಿಂದ ಅವಳ ಕಾಲನ್ನು ನೋಡುತ್ತಿದ್ದಳು. ಅಪ್ಪನೂ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಆಮೇಲೆ ಅಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸುತ್ತಿದ್ದಳು, ಮೇಲೆ ತುಪ್ಪ ಹಾಕುತ್ತಿದ್ದಳು. "ನಿಧಾನ ಹೋಗಮ್ಮ" ಅಂತ ಕನ್ನಡದಲ್ಲೇ ಹೇಳುತ್ತಿದ್ದಳು. ಕೆಲ್ಲಿ ನಗುತ್ತ ಓಕೆ ಆಂಟಿ ಅನ್ನುತ್ತಿದ್ದಳು. ಯಾರೂ ಏನೂ ಬಯಸಲಿಲ್ಲ ಅಂತ ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಫೋನು ಹೊಡೆದುಕೊಂಡರೆ ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದೆವು.

ಟೂರ್ನಮೆಂಟಿಗೆ ಇನ್ನೇನು ಒಂದು ವಾರ ಇರುವಾಗ ಅಕ್ಕ ಸ್ಕೂಲಿಂದ ಒಬ್ಬಳೇ ಬಂದಳು. ಊಟದ ಮೇಜಿನ ಮುಂದೆ ಕೂತು ಬೂಟು ಬಿಚ್ಚತೊಡಗಿದಳು. ಮಾಮೂಲಿ ಪ್ರ್ಯಾಕ್ಟೀಸಿನಲ್ಲಿ ಕೆಲ್ಲಿ ಓಡುತ್ತ ಓಡುತ್ತ ತಿರುಗಿದ್ದಳಂತೆ. ಹತ್ತಿರ ಯಾರೂ ಇರಲಿಲ್ಲ. ಪಾದ ಹುಲ್ಲಿನಲ್ಲೇ ಕಚ್ಚಿಕೊಂಡಿತು, ಮಂಡಿ ಮಾತ್ರ ತಿರುಗಿತು. "ಸೌಂಡ್ ಕೇಳಿಸ್ತು," ಅಂದಳು ಅಕ್ಕ. "ನಂಗೆ ಅಷ್ಟು ದೂರಕ್ಕೆ ಕೇಳಿಸ್ತು."

ಅಮ್ಮ ಒಲೆ ಆರಿಸಿದಳು. ಒಗ್ಗರಣೆಯ ಸಾಸಿವೆ ಇನ್ನೂ ಸಿಡಿಯುತ್ತಲೇ ಇತ್ತು. ಅಪ್ಪ ಆಫೀಸಿನಿಂದ ಬಂದು, ವಿಷಯ ಕೇಳಿ, ಕೋಟು ತೆಗೆಯದೆ ಹಾಗೇ ನಿಂತಿದ್ದರು. ಆಗ ಫೋನು ಬಂತು. ಯಾರೂ ಅಲುಗಾಡಲಿಲ್ಲ. ಕೊನೆಗೆ ಅಪ್ಪನೇ ಹೋಗಿ ಎತ್ತಿದರು. ಆ ಬಿಳಿ ಕೂದಲಿನ ಹೆಂಗಸು. ಅಪ್ಪ ನಮ್ಮ ಕಡೆ ಬೆನ್ನು ಮಾಡಿ ನಿಂತು ಇಂಗ್ಲಿಷಿನಲ್ಲಿ ಹೇಳಿದರು: ಹೌದು, ಬರುತ್ತಾಳೆ. ಅವಳು ತುಂಬ ಗಟ್ಟಿ. ಅವಳಷ್ಟು ಚೆನ್ನಾಗಿ ಆಡುವವರು ಕಡಿಮೆ. ಆವತ್ತು ನಾನು ಹೇಳಿದ್ದು ಸುಳ್ಳು. ಬೇರೆ ಯಾರೋ ಬರೆದುಕೊಟ್ಟದ್ದನ್ನು ಓದಿದ ಹಾಗಿತ್ತು ಅವರ ದನಿ. ಮಗಳನ್ನು ಅವರು ಬಾಯ್ತುಂಬ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೇಳಿ ನನಗೆ ಅಳು ಬಂತು.

ಅಕ್ಕ ಅಮ್ಮನನ್ನೇ ನೋಡುತ್ತಿದ್ದಳು. "ಅಮ್ಮ, ಟೆಂಪಲ್‌ನಲ್ಲಿ ನೀನು ಏನ್ ಕೇಳಿದೆ?"

"ನಿನಗೊಂದು ಜಾಗ ಸಿಗ್ಲಿ ಅಂತ ಕೇಳಿದೆ ಕಣೇ. ಅಷ್ಟೇ."

"ಜಾಗ ಹೇಗೆ ಸಿಗತ್ತೆ ಅಂತ ಥಿಂಕ್ ಮಾಡಿದ್ಯಾ?"

ಅಮ್ಮ ಅಪ್ಪನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆ ಸಂಜೆ ಡಬ್ಬಿ ತುಂಬ ಉಪ್ಪಿಟ್ಟು ಮಾಡಿ ಕೆಲ್ಲಿಯ ಮನೆಗೆ ಹೊರಟವಳು ಅವರ ಬಾಗಿಲ ತನಕ ಹೋಗಿ, ಬೆಲ್ ಒತ್ತದೆ ವಾಪಸ್ಸು ಬಂದಳು.

ಅಕ್ಕ ಹೋದಳು, ಆಡಿದಳು, ಡರ್ಹಮ್ಮಿನ ಕೋಚ್ ನೋಡಿದರು. ಬೇಸಿಗೆಯಲ್ಲಿ ಅವರೇ ಫೋನ್ ಮಾಡಿದರು, ಮುಂದಿನ ವರ್ಷ ಅವಳು ಆ ಕಾಲೇಜಿಗೇ ಸೇರಿದಳು. ಬಯಸಿದ್ದೆಲ್ಲ ಬಯಸಿದ ಹಾಗೇ ನಡೆಯಿತು. ಕೆಲ್ಲಿಗೆ ಆಪರೇಷನ್ ಆಯಿತು. ಮುಂದಿನ ಸೀಸನ್ ಪೂರ್ತಿ ಅವಳು ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ನೋಡಲು ಬರುತ್ತಿದ್ದ ಕೋಚ್‌ಗಳು ಬರುವುದನ್ನು ನಿಲ್ಲಿಸಿದರು. ಜಗಳವೇನೂ ಆಗಲಿಲ್ಲ. ಅವಳು ನಮ್ಮ ಮನೆಗೆ ಬರುವುದು ತಾನಾಗಿ ನಿಂತುಹೋಯಿತು, ಅಮ್ಮ ಉಪ್ಪಿಟ್ಟು ಮಾಡುವುದೂ ಕಡಿಮೆಯಾಯಿತು.

ಈಗ ನಾನಿರುವುದು ಇನ್ನೂ ದಕ್ಷಿಣಕ್ಕೆ, ಅಲ್ಫರೆಟಾ ಎಂಬ ಊರಿನಲ್ಲಿ. ಇಲ್ಲಿಯೂ ಶನಿವಾರ ಬಂದರೆ ಮೈದಾನಗಳ ತುಂಬ ಹುಡುಗಿಯರು, ಗೆರೆಯ ಆಚೆ ನೋಡುವವರು. ನಮ್ಮ ಕನ್ನಡದ ಅಪ್ಪಂದಿರು ಕೂಡ ಮಗಳ ಗುಣಗಾನವನ್ನು ಸರಾಗವಾಗಿ ಮಾಡುತ್ತಾರೆ. ಅದು ಸರಿಯೇ. ಅವರ ಮಕ್ಕಳಿಗೆ ನಮ್ಮಂಥ ಮೇ ತಿಂಗಳು ಬರುವುದಿಲ್ಲ ಅಂದುಕೊಂಡಿದ್ದೇನೆ.

ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದಾಗ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಡಾಕ್ಟರು ಏನನ್ನೂ ಖಚಿತವಾಗಿ ಹೇಳುತ್ತಿರಲಿಲ್ಲ. ನಾನು ಅಮ್ಮನ ಕೈ ಹಿಡಿದು, "ಅಮ್ಮ, ನೀನು ಕೇಳಮ್ಮ, ದೇವರನ್ನ ಕೇಳು," ಅಂದೆ. ಅಮ್ಮ ಆ ಪೆಟ್ಟಿಗೆಯ ಮುಂದೆ ಕೈ ಮುಗಿದು ತುಂಬ ಹೊತ್ತು ನಿಂತಳು. ಆ ಕೋಣೆಯಲ್ಲಿ ಬೇರೆಯವರ ಮಕ್ಕಳೂ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಅಮ್ಮ ಒಂದೊಂದನ್ನೇ ನೋಡಿ ಬಂದಳು.

ಕೆಲವು ವಾರ ಕಳೆದು ಮಗು ಮನೆಗೆ ಬಂದ ಮೇಲೆ ನಾನು ಕೇಳಿದೆ, ಅವತ್ತು ಏನು ಬೇಡಿಕೊಂಡೆ ಅಂತ.

"ಏನೂ ಇಲ್ಲ ಕಣೆ," ಅಂದಳು ಅಮ್ಮ, ಮಗುವಿನ ಟೋಪಿ ಸರಿಮಾಡುತ್ತ. "ಸುಮ್ನೆ ನಿಂತಿದ್ದೆ. ಕೇಳೋದು ಬಿಟ್ಟು ಎಷ್ಟು ವರ್ಷ ಆಯ್ತು."