ಮೂರು ಹಟ್ಟಿಯ ಟಗರು, ಭೀಮಕ್ಕನ ಹಿಡಿತ

ಟಗರು ಜೀಪಿನೊಳಗಿದೆ, ಡಾಕ್ಟರು ಹೊರಗಿದ್ದಾರೆ. “ಹಿಂದ್ಕೆ ಸರೀರಿ ಡಾಕ್ಟ್ರೇ, ಕೊಂಬು ಕಾಣಾಕಿಲ್ವಾ?” ಎನ್ನುತ್ತ ಭೀಮಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗುತ್ತಾರೆ. ಮರುಕ್ಷಣ ಟಗರಿನ ತಲೆ ಅವರ ಕಂಕುಳಲ್ಲಿ, ಹಿಂಭಾಗ ಡ್ರೈವರ್ ಸೀಟಿನಲ್ಲಿ. ಗದ್ದ ಎತ್ತಿ, ಕತ್ತಿನ ನರ ಒತ್ತಿ ತೋರಿಸುತ್ತಾರೆ. ಗಾಜಿನ ನಳಿಕೆಯಲ್ಲಿ ರಕ್ತ ತುಂಬುವ ಹೊತ್ತಿಗೆ ಹುಲಿಕುಂಟೆಯಲ್ಲಿ ಬೆಳಕು ಹರಿಯುತ್ತದೆ.

1982ರಲ್ಲಿ ಡಾ. ಮಹಾಲಿಂಗಯ್ಯ ಕುರಿ ತಳಿಗಳ ಅಧ್ಯಯನಕ್ಕೆಂದು ಬೆಂಗಳೂರಿನಿಂದ ಬಂದಾಗಿನಿಂದ ಈ ಗೊಲ್ಲರಹಟ್ಟಿಯ ಭೀಮಕ್ಕನೇ ಅವರಿಗೆ ಕುರಿ ಹಿಡಿದುಕೊಡುವವರು. ಬಿಸಿಲೇರುವುದರೊಳಗೆ ಮೂವತ್ತು ಕುರಿ. ಒದೆ ತಿಂದು ತಿಂದು ಮೊಣಕಾಲು ಊದಿದೆ. ಡಾಕ್ಟರು ರಕ್ತ ಕುಡಿಯುತ್ತಾರೆಂದು ಹಟ್ಟಿಯಲ್ಲಿ ಗುಲ್ಲಾಗಿತ್ತು. “ನಾನೇ ಕೇಳ್ಬುಟ್ಟೆ. ಮಿಶಿನ್ನಿಗೆ ಹಾಕ್ತೀನಿ ಅಂದ್ರು. ಅದೂ ಪಾಪ, ಬದುಕ್ಬೇಕಲ್ಲ” ಎನ್ನುತ್ತಾರೆ ಭೀಮಕ್ಕ.

ಆ ಯಂತ್ರದಲ್ಲಿ ಕರೆಂಟು ಹಾಯಿಸಿದರೆ ರಕ್ತದ ಪ್ರೋಟೀನುಗಳು ಗೆರೆಗೆರೆಯಾಗಿ ನಿಲ್ಲುತ್ತವೆ. ಗೆರೆಗಳನ್ನು ಹೋಲಿಸಿದರೆ ಯಾವ ತಳಿ ಎಲ್ಲಿಗೆ ಹರಡಿದೆ ಎಂಬ ಸುಳಿವು ಸಿಗುತ್ತದೆ. ಉಣ್ಣೆಗೆಂದು ಹೊರದೇಶದಿಂದ ತಂದ ಸೀಮೆ ಟಗರುಗಳಿಂದ ಇಲ್ಲಿನ ತಳಿ ಕಲಬೆರಕೆಯಾಗುತ್ತಿದೆ. ಶುದ್ಧವಾಗಿ ಉಳಿದದ್ದು ಎಲ್ಲಿ ಎಂಬುದೇ ಡಾಕ್ಟರ ಹುಡುಕಾಟ.

ಕೊನೆಗೆ ಶುದ್ಧ ತಳಿಯ ಅಪರೂಪದ ಒಂದು ಗೆರೆ ಸಿಕ್ಕಿತು, ಅದೂ ಹುಲಿಕುಂಟೆ, ಬರಗೂರು, ಗೌಡಗೆರೆ ಮೂರೂ ಹಟ್ಟಿಗಳ ಮರಿಗಳಲ್ಲಿ. ನಳಿಕೆಗಳು ಅದಲುಬದಲಾಗಿವೆ ಎಂದು ಡಾಕ್ಟರು ಸಹಾಯಕನಿಗೆ ಬೈದರು. ವಿಚಾರಿಸಿದರೆ, ತಪ್ಪು ಸಹಾಯಕನದಲ್ಲ, ಈ ಟಗರಿನದು! ದೇವರಿಗೆ ಬಿಟ್ಟದ್ದು, ಹಗ್ಗ ಹಾಕುವಂತಿಲ್ಲ. ಒಂದೊಂದು ಹಟ್ಟಿಯಲ್ಲೂ ಅದಕ್ಕೆ ಒಂದೊಂದು ಹೆಸರು, ಎಲ್ಲರೂ ತಮ್ಮದೇ ಎಂದುಕೊಂಡು ಕಾಳು ಹಾಕುತ್ತಿದ್ದರು. “ಮೇಯಾಕೆ ಹೋಗ್ತಾನೆ ಅಂದ್ಕಂಡಿದ್ದೆ. ಮೂರು ಸಂಸಾರ ಮಡಗವ್ನೆ ಕಣಪ್ಪ!” ಎಂದು ಭೀಮಕ್ಕ ತಲೆ ಚಚ್ಚಿಕೊಂಡರು.

ದೇವರ ಟಗರಿಗೆ ಸೂಜಿ ಚುಚ್ಚಬಹುದೇ? “ಹಗ್ಗ ಹಾಕಬ್ಯಾಡಿ ಅಂದವ್ರೆ ದೊಡ್ಡೋರು. ಸೂಜಿ ಇಚಾರ ಏನೂ ಹೇಳಿಲ್ಲ.”

ಟಗರಿಗೆ ವಯಸ್ಸಾಗಿದೆ. ಅದು ಸತ್ತರೆ ಆ ಗೆರೆ ಅಳಿಯಬಹುದೆಂಬ ಭಯ ಡಾಕ್ಟರಿಗೆ. ಅದು ಹೋದರೆ ಸೀಮೆ ಮರಿಗಳೇ ಗತಿಯೆಂಬ ಭಯ ಭೀಮಕ್ಕನಿಗೆ. “ಅವು ಉಣ್ಣೆ ಸಮೇತ ಜಾಲಿಮುಳ್ಳಿಗೆ ಸಿಕ್ಕಾಕ್ಕೊಂತವೆ. ಬುಡಿಸೋದ್ರಲ್ಲೇ ಹೊತ್ತು ಮುಳುಗ್ತದೆ.”

ಡಾಕ್ಟರು ಇಂದು ಜೀಪು ತಂದಿರುವುದು ಟಗರನ್ನು ಒಯ್ಯಲೆಂದೇ.

“ನಮ್ಮ ಫಾರಮ್ಮಿನಲ್ಲಿ ಹಸಿ ಮೇವು, ಹೆಂಚಿನ ಕೊಟ್ಟಿಗೆ. ನಿಮಗೂ ಅಲ್ಲೇ ಖಾಯಂ ಕೆಲಸ, ಭೀಮಕ್ಕ.”

“ಕಟ್ಟಾಕ್ತೀರಾ?”

“ಇಲ್ಲ, ಬೇಲಿಯೊಳಗೆ ಬಿಡ್ತೀವಿ. ಬದಲಿಗೆ ಹಟ್ಟಿಗೆ ಎರಡು ಸೀಮೆ ಟಗರು.”

ಭೀಮಕ್ಕ ಟಗರಿನ ತಲೆ ಹಿಡಿದಿದ್ದ ಕಂಕುಳು ಸಡಿಲಿಸುತ್ತಾರೆ. ಟಗರು ಕೆಳಗೆ ಹಾರಿ ಬರಗೂರಿನ ದಿಕ್ಕು ಹಿಡಿಯುತ್ತದೆ.

“ರಕ್ತ ಎಷ್ಟು ಬೇಕೋ ತಗಂಡೋಗಿ ಡಾಕ್ಟ್ರೇ. ಟಗರು ಕೊಡಾಕಿಲ್ಲ.”