ಮೂಗು ಬರೀದ ಭಾನುವಾರ

ಚನ್ನರಾಯಪಟ್ಟಣದ ಡ್ರಾಯಿಂಗ್ ಮೇಷ್ಟ್ರು ಆದಿರಾಜಯ್ಯನವರು ವಾರದಲ್ಲಿ ಆರು ದಿನ ಸ್ಕೂಲಲ್ಲಿ ಮಕ್ಕಳಿಗೆ ಹೂಜಿ, ಕೊಡೆ, ಮಾವಿನಕಾಯಿ ಬರೆಯೋದು ಕಲಿಸ್ತಿದ್ರು. ಭಾನುವಾರ ಬೆಳಗಾಯ್ತು ಅಂದ್ರೆ ಹಾಸನದ ಬಸ್ ಹತ್ತಿ, ಡಾಕ್ಟ್ರು ಶಿವಯ್ಯನವರ ಕಣ್ಣಿನ ಆಸ್ಪತ್ರೆಗೆ ಹೋಗಿ, ಜನಗಳ ಕಣ್ಣೊಳಗೆ ಇಣುಕಿ ಅಲ್ಲಿ ಏನೇನಿದೆಯೋ ಅಷ್ಟನ್ನೂ ಕೆಂಪು-ನೀಲಿ ಪೆನ್ಸಿಲ್ಲಲ್ಲಿ ಬರೆದುಕೊಡ್ತಿದ್ರು. ಹೊರಗೆ ಕಾಣೋ ಕಣ್ಣಲ್ಲ ಅದು, ಕಣ್ಣಿನ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತಲ್ಲ ರೆಟಿನಾ ಅನ್ನೋ ತೆಳ್ಳನೆ ಪದರ, ಅದು. ಎಂಟು ವರ್ಷದಿಂದ ಬರೀತಿದ್ರೂ ಪ್ರತಿ ಸಲ ದೀಪದ ಬೆಳಕಲ್ಲಿ ಆ ಕಿತ್ತಳೆ ಬಣ್ಣದ ಗೋಡೆ, ಅದರ ಮೇಲೆ ಕೆಂಪು ಬೇರಿನ ಹಾಗೆ ಹರಡಿದ ರಕ್ತನಾಳ ಕಂಡಾಗ ಮೇಷ್ಟ್ರಿಗೆ ಮೈ ಜುಮ್ಮನ್ನೋದು.

ಒಂದೇ ಒಂದು ತೊಂದರೆ ಏನಪ್ಪಾ ಅಂದ್ರೆ, ರೋಗಿಯ ಕಣ್ಣಿನ ಮುಂದೆ ಹಿಡಿಯೋ ಮಸೂರದಲ್ಲಿ ಎಲ್ಲಾ ತಲೆಕೆಳಗಾಗಿ ಕಾಣೋದು. ಮೇಲಿರೋದು ಕೆಳಗೆ, ಎಡಕ್ಕಿರೋದು ಬಲಕ್ಕೆ. ಅದಕ್ಕೆ ಡಾಕ್ಟ್ರೇ ಒಂದು ಉಪಾಯ ಹೇಳಿಕೊಟ್ಟಿದ್ರು. ಮಲಗಿರೋ ರೋಗಿಯ ಹೊಟ್ಟೆ ಮೇಲೆ ಕಾಗದಾನ ತಲೆಕೆಳಗಾಗಿ ಇಟ್ಟು, ಕಂಡಿದ್ದನ್ನ ಕಂಡಹಾಗೇ ಬರೆಯೋದು. ಆಮೇಲೆ ಕಾಗದ ತಿರುಗಿಸಿದ್ರೆ ಎಲ್ಲಾ ಸರಿಯಾಗಿ ಕೂತ್ಕೊಳ್ಳುತ್ತೆ. ಗುರುತಿಗೆ ಅಂತ ಮೇಷ್ಟ್ರು ಮೂಗಿರೋ ಕಡೆ ಅಂಚಲ್ಲಿ ಒಂದು ಪುಟ್ಟ ಮೂಗು ಬರೆದಿಡ್ತಿದ್ರು.

ಅರವತ್ತೇಳನೇ ಇಸವಿ, ಪುಷ್ಯಮಾಸದ ಒಂದು ಭಾನುವಾರ ಶಾಂತಿಗ್ರಾಮದಿಂದ ಹಾಲು ಮಾರೋ ಕಲ್ಲಮ್ಮ ಬಂದಳು, ಜೊತೆಗೆ ಗಂಡ ಲಕ್ಕಯ್ಯ. ಬಲಗಣ್ಣಲ್ಲಿ ಕಪ್ಪು ಪರದೆ ಬಿದ್ದಂಗೆ ಆಗೈತೆ ಅಂದಳು. ಡಾಕ್ಟ್ರು ಬಗ್ಗಿ ನೋಡಿ, "ರೆಟಿನಾ ಹರಿದಿದೆ ಮೇಷ್ಟ್ರೇ, ಬರ್ಕೊಳ್ಳಿ," ಅಂತ ಹೇಳಿ ಪಕ್ಕದ ರೋಗಿ ಕಡೆ ಹೊರಟುಹೋದ್ರು. ಅಷ್ಟೊತ್ತಿಗೆ ನಾಲ್ಕು ಗಂಟೆ ಆಗೋಗಿತ್ತು. ಮೇಷ್ಟ್ರು ಜೈನರು, ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟೋರಲ್ಲ, ಚಳಿಗಾಲದ ಹೊತ್ತು ಬೇರೆ. ನಾಲ್ಕೂಕಾಲಿನ ಬಸ್ ತಪ್ಪಿದ್ರೆ ಅವತ್ತಿಗೆ ಉಪವಾಸವೇ. ಕಲ್ಲಮ್ಮ ನೋಡಿದ್ರೆ ಹೊಟ್ಟೆ ಮೇಲೆ ಕಾಗದ ಇಡೋಕೆ ಬಿಡಲೊಲ್ಲಳು.

"ಗಂಡಸ್ರು ನನ್ ಹೊಟ್ಟೆನ ಮೇಜು ಮಾಡ್ಕಳಾದಾ? ಬ್ಯಾಡ ಕಣ್ರೀ ಮೇಷ್ಟ್ರೇ."

"ಆಯ್ತಮ್ಮ, ಆಯ್ತು," ಅಂತ ಮೇಷ್ಟ್ರು ಪಕ್ಕದ ಮೇಜಿನ ಮೇಲೆ ಕಾಗದ ಹಾಕ್ಕೊಂಡು, ಇಣುಕೋದು ಬರೆಯೋದು, ಇಣುಕೋದು ಬರೆಯೋದು, ಮುಗಿಸಿ ಓಡಿದ್ರು. ಬಸ್ ಸಿಕ್ತು, ಊಟಾನೂ ಸಿಕ್ತು.

ಮುಂದಿನ ಭಾನುವಾರ ಬಂದು ನೋಡಿದ್ರೆ ಆಸ್ಪತ್ರೆ ತುಂಬಾ ಗಲಾಟೆ. ಮೈಸೂರಿಂದ ಅಭಯಕುಮಾರ್ ಅನ್ನೋ ಚಿಕ್ಕ ವಯಸ್ಸಿನ ಡಾಕ್ಟ್ರು ವ್ಯಾನಲ್ಲಿ ಹೊಸ ಕ್ಯಾಮರಾ ತಂದಿದ್ರು. ತೋಳಿನ ನರಕ್ಕೆ ಹಳದಿ ಔಷಧಿ ಚುಚ್ಚೋದು, ಅದು ರಕ್ತದ ಜೊತೆ ಕಣ್ಣಿಗೆ ಬರ್ತಿದ್ದಂಗೆ ಚಕಚಕ ಫೋಟೋ ಹೊಡೆಯೋದು. ವಾರದಿಂದ ಆಸ್ಪತ್ರೇಲೇ ಇದ್ದ ಕಲ್ಲಮ್ಮನ್ನ ದಿಂಬು ಕೊಟ್ಟು ಮಂಚದ ಮೇಲೆ ನೆಟ್ಟಗೆ ಕೂರಿಸಿದ್ರು, ಈಗ ಮುಖ ಎಲ್ಲಾ ಹಳದಿ.

"ಅರಿಸಿನ ಅಚ್ಚಿ ಇನ್ನೊಂದ್ ಕಿತ ಮದ್ವೆಗೆ ಕುಂಡ್ರಿಸವ್ರೆ ಸಾ," ಅಂದ ಲಕ್ಕಯ್ಯ.

"ಗಂಡು ಬ್ಯಾರೆ ಇದ್ರೆ ನಾನ್ ತಯಾರು ಕಣ್ಲಾ," ಅಂದಳು ಕಲ್ಲಮ್ಮ.

ಮೇಷ್ಟ್ರಿಗೆ ನಗು ಬರೋದ್ರೊಳಗೆ ಅಭಯಕುಮಾರ್ ಒಂದು ಕೈಲಿ ಫೋಟೋ, ಇನ್ನೊಂದು ಕೈಲಿ ಮೇಷ್ಟ್ರು ಬರೆದ ಚಿತ್ರ ಹಿಡ್ಕೊಂಡು ಬಂದ್ರು. "ಸಾರ್, ಇದರಲ್ಲಿ ಕೆಳಗಡೆ ಇಷ್ಟು ದೊಡ್ಡ ಹರಕು ಬರೆದಿದ್ದೀರಿ. ನನ್ನ ಫೋಟೋದಲ್ಲಿ ಹರಕೇ ಇಲ್ಲ. ಅದೂ ಹೋಗ್ಲಿ, ಇದು ಎಡಗಣ್ಣು. ಯಾರದೋ ಕಾಗದ ಇವರಿಗೆ ಸೇರಿದೆ. ಇವರನ್ನ ಮನೆಗೆ ಕಳಿಸಿಬಿಡೋಣ."

ಹರಿದಿದ್ದನ್ನ ಮೇಷ್ಟ್ರು ಕಣ್ಣಾರೆ ಕಂಡಿದ್ರು, ಕುದುರೆ ಲಾಳದ ಹಾಗಿತ್ತು. ಕಾಗದದ ತುದೀಲಿ ತಮ್ಮದೇ ಅಕ್ಷರದಲ್ಲಿ ಕಲ್ಲಮ್ಮ, ಬಲಗಣ್ಣು ಅಂತ ಇದೆ. ಕ್ಯಾಮರಾ ಸುಳ್ಳು ಹೇಳಲ್ಲ. ಹಾಗಾದ್ರೆ ಸುಳ್ಳು ಹೇಳಿದ್ದು ಪೆನ್ಸಿಲ್ಲಾ? ಈಕೆ ಮನೆಗೆ ಹೋಗಿ ತಲೆ ಮೇಲೆ ಹಾಲಿನ ಕೊಡ ಹೊತ್ತು ತಿರುಗಿದ್ರೆ, ಹರಿದಿದ್ದು ನಿಜವೇ ಆಗಿದ್ರೆ, ಆ ಕಣ್ಣು ಮುಗಿದಂಗೆ.

ಮೇಷ್ಟ್ರು ಎರಡನ್ನೂ ಇಸ್ಕೊಂಡು ಕಿಟಕಿ ಹತ್ರ ಹೋದ್ರು. ಫೋಟೋದಲ್ಲಿ ಕಣ್ಣಿಂದ ಮಿದುಳಿಗೆ ನರ ಹೊರಡೋ ದುಂಡನೆ ಬಿಳಿ ಮಚ್ಚೆ ಒಂದು ಕಡೆ, ಚಿತ್ರದಲ್ಲಿ ಇನ್ನೊಂದು ಕಡೆ. ಫೋಟೋದಲ್ಲಿ ಕವಲೊಡೆದ ರಕ್ತನಾಳ ಮೇಲಿದೆ, ಚಿತ್ರದಲ್ಲಿ ಕೆಳಗಿದೆ. ಮೂಗೆಲ್ಲಿ ಅಂತ ಅಂಚೆಲ್ಲಾ ಹುಡುಕಿದ್ರು. ಮೂಗೇ ಇಲ್ಲ. ಬಸ್ಸಿನ ಅವಸರದಲ್ಲಿ ಬರೆದೇ ಇಲ್ಲ. ಮೇಜಿನ ಮೇಲೆ ಕಾಗದ ನೆಟ್ಟಗಿತ್ತು, ಹೊಟ್ಟೆ ಮೇಲಿದ್ದಂಗೆ ತಲೆಕೆಳಗಾಗಿ ಇರಲಿಲ್ಲ. ಮೆಲ್ಲಗೆ ಚಿತ್ರಾನ ತಿರುಗಿಸಿದ್ರು. ಮಚ್ಚೆಗೆ ಮಚ್ಚೆ, ಕವಲಿಗೆ ಕವಲು, ಫೋಟೋ ಜೊತೆ ಅಚ್ಚೊತ್ತಿದಂಗೆ ಕೂತ್ಕೊಂಡ್ತು. ಲಾಳ ಮಾತ್ರ ಈಗ ಮೇಲೆ ಹೋಗಿತ್ತು, ಮೇಲಿನ ಅಂಚಿಗೆ. ಫೋಟೋ ಅಲ್ಲೀವರೆಗೆ ಬಂದೇ ಇಲ್ಲ. ಒಬ್ಬಟ್ಟಿನ ನಡುಭಾಗ ಮಾತ್ರ ತೆಗೆದಿದೆ ಕ್ಯಾಮರಾ, ಅಂಚು ಬಿಟ್ಟಿದೆ.

ಹರಿದ ಜಾಗ ಯಾವಾಗ್ಲೂ ತಗ್ಗಲ್ಲಿರಬೇಕು, ಆಗ ಎದ್ದ ಪದರ ವಾಪಸ್ ಗೋಡೆಗೆ ಒರಗುತ್ತೆ. ಕೆಳಗೆ ಹರಿದಿದೆ ಅಂತ ಈ ಚಿತ್ರ ಹೇಳಿದ್ದಕ್ಕೇ ಕಲ್ಲಮ್ಮನ್ನ ಒಂದು ವಾರ ನೆಟ್ಟಗೆ ಕೂರಿಸಿರೋದು. ಹರಿದಿರೋದು ಮೇಲೆ.

"ಕಲ್ಲಮ್ಮ, ಪರದೆ ಎಲ್ಲಿಂದ ಬಂತು, ಮೇಲಿಂದಲಾ, ಕೆಳಗಿಂದಲಾ?"

"ಕೆಳಗಿಂದ ಕಣ್ರೀ. ವಾದ್ ವಾರ ಕಾಲುಂಗುರ ಕಾಣ್ತಿರ್ಲಿಲ್ಲ, ಈಗ ಮಡ್ಲೇ ಕಾಣಾಕಿಲ್ಲ."

ಕಣ್ಣೊಳಗೆ ಎಲ್ಲಾ ಉಲ್ಟಾ. ಕೆಳಗೆ ಕಾಣಲ್ಲ ಅಂದ್ರೆ ಕೆಟ್ಟಿರೋದು ಮೇಲೆ. ಸುಮ್ಮನಿದ್ದುಬಿಟ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಕಾಗದ ಅದಲುಬದಲಾಯ್ತು ಅಂತ ಅಭಯಕುಮಾರ್ ತೀರ್ಮಾನ ಮಾಡಿಯೂ ಆಗಿತ್ತು. ಮೇಷ್ಟ್ರು ಸೀದಾ ಶಿವಯ್ಯನವರ ಮುಂದೆ ಹೋಗಿ ನಿಂತ್ರು.

"ಡಾಕ್ಟ್ರೇ, ನಾನು ಮೇಜಿನ ಮೇಲಿಟ್ಟು ಬರೆದೆ. ತಿರುಗಿಸಲಿಲ್ಲ, ಮೂಗೂ ಹಾಕಲಿಲ್ಲ. ದಯವಿಟ್ಟು ಮೇಲಿನ ಅಂಚು ಇನ್ನೊಂದು ಸಲ ನೋಡಿ."

ಶಿವಯ್ಯನವರು ತಲೆಗೆ ದೀಪ ಕಟ್ಟಿಕೊಂಡು ನೋಡಿದ್ರು. ಅಭಯಕುಮಾರೂ ನೋಡಿದ್ರು. ಲಾಳ ಮೇಲೇ ಇತ್ತು.

"ನಾನೂ ಸರಿಯಾಗಿ ನೋಡದೆ ತಾನೇ ಕೂರಿಸಿದ್ದು," ಅಂದ್ರು ಶಿವಯ್ಯನವರು. ಆಮೇಲೆ ದಿಂಬು ತೆಗೆಸಿ, ಕಲ್ಲಮ್ಮನ್ನ ಅಂಗಾತ ಮಲಗಿಸಿ, ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಡಿಸಿದ್ರು. ಸಂಜೆ ಅದೇ ವ್ಯಾನಲ್ಲಿ, ಮಲಗಿಸಿಕೊಂಡೇ, ಆಪರೇಷನ್ನಿಗೆ ಮೈಸೂರಿಗೆ ಕರ್ಕೊಂಡುಹೋದ್ರು.

ಯುಗಾದಿ ಕಳೆದ ಮೇಲೆ ಕಲ್ಲಮ್ಮ ತೋರಿಸೋಕೆ ಬಂದಳು. ಮೇಷ್ಟ್ರು ಅವಳ ಎಡಗಣ್ಣು ಮುಚ್ಚಿಸಿ, "ಈಗ ಏನು ಕಾಣುತ್ತೆ?" ಅಂದ್ರು.

"ಕಾಲುಂಗುರ ಕಾಣ್ತವೆ. ಆದ್ರೆ ಸೊಟ್ಟಗವೆ ಮೇಷ್ಟ್ರೇ, ಯಾರೋ ತುಳ್ದಂಗೆ."

ಆ ಸೊಟ್ಟ ತಮ್ಮ ಚಿತ್ರ ನಂಬಿ ಕೂರಿಸಿದ ಒಂದು ವಾರದ್ದೋ, ಹೇಗಿದ್ರೂ ಬರ್ತಿತ್ತೋ? ಶಿವಯ್ಯನವರನ್ನ ಕೇಳಿದ್ರು, ಅವರು ಗೊತ್ತಿಲ್ಲ ಅಂದ್ರು. ಅಭಯಕುಮಾರ್ ಕಳಿಸಿದ ಹೊಸ ಫೋಟೋನ ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿದ್ರು.

ಕಲ್ಲಮ್ಮ ಆಗಲೇ ಮಲಗಿ, ಹೊಟ್ಟೆ ಮೇಲೆ ಸೆರಗು ಸರಿಮಾಡ್ಕೊಂಡು, "ಇಲ್ಲೇ ಇಡಿ ಕಾಗ್ದವ," ಅಂದಳು.

ಮೇಷ್ಟ್ರು ಕಾಗದ ತಲೆಕೆಳಗಾಗಿ ಇಟ್ಟು ಮೊದಲು ಮೂಗು ಬರೆದ್ರು. ಅಳಿಸಿ ಇನ್ನೂ ದೊಡ್ಡದಾಗಿ ಬರೆದ್ರು. ಹೊರಗೆ ನಾಲ್ಕೂಕಾಲಿನ ಬಸ್ ಹಾರನ್ ಮಾಡಿ ಮಾಡಿ ಹೊರಟುಹೋಯ್ತು, ಮೇಷ್ಟ್ರಿನ್ನೂ ಮೇಲಿನ ಅಂಚಲ್ಲೇ ಇದ್ರು.