ಬದುಕಿದ್ದವರು ಮಲಗಿದ್ದ ಗಾಡಿ

ಲಾಂಜೊ ಗಿಲಿಯಮ್ ತೀರಿಕೊಂಡ ಬೆಳಿಗ್ಗೆ ಅವನ ಹೆಂಡತಿ ಆರ್ಜೆಲಾ ಮೊದಲು ಮಾಡಿದ ಕೆಲಸವೆಂದರೆ ಒಲೆಯ ಮೇಲಿದ್ದ ಮೆಕ್ಕೆಜೋಳದ ಗಂಜಿ ತಳ ಹಿಡಿಯದಂತೆ ಇಳಿಸಿ ಇಟ್ಟದ್ದು. ಆಮೇಲೆ ಕೈ ಒರೆಸಿಕೊಂಡು ಬಂದು ಅವನ ಕಣ್ಣು ಮುಚ್ಚಿದಳು. ಗೆಳತಿ ಕ್ಲಿಯೋಥಾಳಿಗೆ ಫೋನು ಮಾಡಿ ಹೇಳಿದಳು. ಅಳು ಬರುತ್ತದೆ ಅಂದುಕೊಂಡು ಕುರ್ಚಿಯಲ್ಲಿ ಕೂತಳು. ಬರಲಿಲ್ಲ. ಗಂಜಿ ಆರಿ ಕೆನೆಗಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಚರ್ಚಿನ ಹೆಂಗಸರು ಮನೆ ತುಂಬಿದರು. ಕರಿದ ಕೋಳಿ, ಬೇಯಿಸಿದ ಸೊಪ್ಪು, ಸುಟ್ಟ ಸಕ್ಕರೆಯ ಪಾಕ ಹೊಯ್ದ ಕೇಕು, ಎಲ್ಲವೂ ಬಂದವು. ಸಾವಿನ ಮನೆಯ ಪದ್ಧತಿಯಂತೆ ಯಾರೋ ಕನ್ನಡಿಗೆ ಬಟ್ಟೆ ಮುಚ್ಚಿದರು. ಯಾರೋ ಅವಳ ಬೆನ್ನು ಸವರಿದರು. ಬೆನ್ನು ಪಕ್ಕದ ಮನೆಯವಳದೇನೋ ಎನ್ನುವಂತೆ ಆರ್ಜೆಲಾ ಕೂತಿದ್ದಳು. ಕೇಳಿದ್ದಕ್ಕೆ ತಲೆಯಾಡಿಸಿದಳು, ಕೊಟ್ಟದ್ದನ್ನು ತಿಂದಳು. ರುಚಿ ಯಾವುದೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ತಲೆಯೊಳಗೆ ಒಂದೇ ಒಂದು ಮಾತು ಗಟ್ಟಿಯಾಗಿ ನಿಂತಿತ್ತು: ಲಾಂಜೊ ಅವನ ಗಾಡಿಯಲ್ಲೇ ಹೋಗಬೇಕು.

ಆ ಗಾಡಿ ಹೆಣದ ಗಾಡಿ. ಉದ್ದಕ್ಕೆ ಕಪ್ಪಗೆ, ಹಿಂದೆ ಬೂದಿ ಬಣ್ಣದ ಪರದೆ. ಮಿಸಿಸಿಪ್ಪಿಯ ಈ ಹತ್ತಿ ಸೀಮೆಯಲ್ಲಿ ಕರಿಯರ ಹೆಣ ಸಾಗಿಸುತ್ತಿದ್ದ, ತಾವೂ ನಮ್ಮವರೇ ಆದ ಸ್ಟ್ಯಾಂಪ್ಸ್ ಯಜಮಾನರದು ಅದು. ಲಾಂಜೊ ಅವರ ಡ್ರೈವರ್. ಅರವತ್ತರ ದಶಕ, ನಮ್ಮವರು ಮತದಾರರ ಪಟ್ಟಿಗೆ ಹೆಸರು ಬರೆಸಲು, ಆ ಕಚೇರಿಯಿದ್ದ ಕೋರ್ಟಿಗೆ ಹೊರಟ ಕಾಲ. ಆ ದಾರಿಯಲ್ಲಿ ನಡೆದದ್ದು ಬಿಳಿಯರ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತಿತ್ತು, ಇದ್ದ ಮನೆ ಹೋಗುತ್ತಿತ್ತು, ಕೆಲವರು ಮನೆಗೇ ಬರಲಿಲ್ಲ. ನಮ್ಮ ಕೇರಿಯಿಂದ ಹೊರಟ ಕಾರುಗಳನ್ನೆಲ್ಲ ಪೊಲೀಸರು ತಡೆದು ಬಗ್ಗಿ ನೋಡುತ್ತಿದ್ದರು. ಹೆಣದ ಗಾಡಿ ಬಂದರೆ ಮಾತ್ರ ಮುಖ ಅತ್ತ ತಿರುಗಿಸಿ ಕೈ ಬೀಸಿಬಿಡುತ್ತಿದ್ದರು. ಸ್ಟ್ಯಾಂಪ್ಸ್ ಯಜಮಾನರಿಗೆ ಅಷ್ಟು ಸಾಕಾಯಿತು. ಜೀವಂತ ಮನುಷ್ಯರನ್ನು ಹಿಂದೆ ಮಲಗಿಸಿ, ಮೇಲೆ ಬಿಳಿ ದುಪ್ಪಟಿ ಹೊದಿಸಿ, ಕೋರ್ಟಿನ ಹಿಂದಿನ ಓಣಿಯಲ್ಲಿ ಇಳಿಸಿ ಬರುವುದು ಲಾಂಜೊನ ಕೆಲಸವಾಯಿತು.

ಅದಕ್ಕೆ ಅವನದೇ ಒಂದು ಕಟ್ಟಳೆ ಇತ್ತು. ಸತ್ತವರ ತಲೆ ಡ್ರೈವರನ ಕಡೆ, ಬದುಕಿದ್ದವರ ಕಾಲು ಡ್ರೈವರನ ಕಡೆ. "ಸಾವಿಗೆ ಗೊತ್ತಾಗ್ಬೇಕಪ್ಪ, ಇದು ತನ್ನ ಸರಕಲ್ಲ ಅಂತ," ಅನ್ನುತ್ತಿದ್ದ.

ಆರ್ಜೆಲಾ ಆಗ ಬಿಳಿಯರ ಮನೆಯೊಂದರಲ್ಲಿ ಅಡಿಗೆಗೆ ಹೋಗುತ್ತಿದ್ದ ಹುಡುಗಿ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಹತ್ತಿ ಬಿಡಿಸಿ ಬೆರಳ ತುದಿ ಒರಟಾಗಿತ್ತು. ಅವಳು ಮೊದಲ ಸಲ ಗಾಡಿಯಲ್ಲಿ ಮಲಗಿದ್ದ ದಿನ ಸೇತುವೆಯ ಹತ್ತಿರ ಪೊಲೀಸನೊಬ್ಬ ಗಾಡಿ ನಿಲ್ಲಿಸಿದ. ದುಪ್ಪಟಿಯೊಳಗೆ ಬಾಡಿದ ಹೂವಿನ ವಾಸನೆ. ಅವಳು ಉಸಿರು ಬಿಗಿಹಿಡಿದಳು.

"ಯಾರದೋ ಇದು?" ಅಂದ ಪೊಲೀಸ.

"ಹೊಳೆದಂಡೆ ಕಡೆ ಮುದುಕಿ ಸಾರ್. ಸತ್ತು ತುಂಬಾ ಹೊತ್ತಾಯ್ತು, ಬಿಸಿಲಿಗೆ ನಾರೋಕೆ ಶುರುವಾಗಿದೆ. ಬಾಗಿಲು ತೆಗೀಲಾ?"

"ಬೇಡ ಬೇಡ, ಹೋಗು ಹೋಗು!"

ಸೇತುವೆ ದಾಟಿದ ಮೇಲೆ ದುಪ್ಪಟಿಯೊಳಗಿಂದ ದನಿ ಬಂತು. "ಯಾರಯ್ಯಾ ಮುದುಕಿ? ಯಾರು ನಾರೋದು?"

ಲಾಂಜೊ ನಕ್ಕ ನಗುವಿಗೆ ಗಾಡಿ ಓಲಾಡಿತಂತೆ. ಕೋರ್ಟಿನಲ್ಲಿ ಆ ದಿನ ಅವಳನ್ನು ಏನೇನೋ ಪ್ರಶ್ನೆ ಕೇಳಿ, ಹೆಸರು ಬರೆದುಕೊಳ್ಳದೆ ವಾಪಸು ಕಳಿಸಿದರು. ಇನ್ನೊಂದು ಸಲ ಮಲಗಿಕೊಂಡು ಹೋದಳು. ದಾರಿಯಲ್ಲಿ ಅವನು ಮುಂದೆ ನೋಡುತ್ತಲೇ ಕೇಳಿದ, "ಏನಮ್ಮಾ, ಈ ಹೆಣಕ್ಕೆ ಮದುವೆ ಆಗಿದ್ಯಾ?"

"ಹೆಣಕ್ಕೆ ಯಾತರ ಮದುವೆ? ನೆಟ್ಟಗೆ ರಸ್ತೆ ನೋಡ್ಕೊಂಡು ಓಡ್ಸು."

ಅವಳ ಹೆಸರು ಪಟ್ಟಿಗೆ ಸೇರಿದ್ದು ಮತ್ತೂ ಒಂದು ಸಲ ಹೋದ ಮೇಲೆ. ಲಾಂಜೊನ ಹೆಸರಿನ ಜೊತೆ ಸೇರಿದ್ದು ಅದಾದ ಮರುವರ್ಷ. ಹೆಣದ ಗಾಡಿಯಲ್ಲಿ ಸಿಕ್ಕ ಹೆಂಡತಿ ಎಂದು ಊರವರು ಅವನನ್ನು ಆಡಿಕೊಳ್ಳುವುದು ಕೊನೆಯವರೆಗೂ ನಿಲ್ಲಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಅವಳು ಅಡಿಗೆ ಮಾಡಿದಳು, ಅವನು ಗಾಡಿ ಓಡಿಸಿದ, ಭಾನುವಾರ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂತರು. ಸ್ಟ್ಯಾಂಪ್ಸ್ ಯಜಮಾನರು ಹೋದ ಮೇಲೆ ಗಾಡಿ ಲಾಂಜೊನ ಪಾಲಿಗೆ ಬಂತು. ಹಿಂದೆ ಅದರಲ್ಲಿ ಮಲಗಿದ್ದವರೆಲ್ಲ ಸಾಯುವಾಗ ಅದೇ ಗಾಡಿ ಬೇಕೆಂದರು. ಒಬ್ಬೊಬ್ಬರನ್ನೂ ಅವನೇ ಸಾಗಿಸಿದ, ಈ ಸಲ ತಲೆ ತನ್ನ ಕಡೆಗೆ ಇಟ್ಟು. "ಕೊನೇಲಿ ನಾನೂ ಇದ್ರಲ್ಲೇ ಕಣೆ. ಓಡ್ಸೋಕೆ ಒಬ್ಬನ್ನ ಹುಡುಕಿಟ್ಕೊ," ಎಂದು ಹೆಂಡತಿಗೆ ಹೇಳದ ವರ್ಷವಿಲ್ಲ.

ಹೋದ ಸುಗ್ಗಿಯಲ್ಲಿ ಹಳೆಯ ಹತ್ತಿ ಗೋದಾಮಿನಲ್ಲಿ ಆ ಹೋರಾಟದ ಕಾಲದ ವಸ್ತುಗಳನ್ನಿಟ್ಟ ನೆನಪಿನ ಮನೆ ಶುರುವಾದಾಗ ಲಾಂಜೊ ಗಾಡಿಯನ್ನು ಅವರಿಗೆ ಕೊಟ್ಟ. ಕೊಟ್ಟರೇನು, ಒಂದು ದಿನಕ್ಕೆ ಕೇಳಿದರೆ ಕೊಡುವುದಿಲ್ಲವೇ ಎಂದುಕೊಂಡು ಆರ್ಜೆಲಾ ಅವನು ತೀರಿಕೊಂಡ ಮಾರನೆಯ ದಿನ ಕ್ಲಿಯೋಥಾಳನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಹಿಂದೆ ಹಾಗೆ ಮಲಗಿ ಹೋದವರಲ್ಲಿ ಇನ್ನು ಉಳಿದವರು ಇವರಿಬ್ಬರೇ.

ನೆನಪಿನ ಮನೆ ನೋಡಿಕೊಳ್ಳುವ ಕೆಂಡ್ರಿಯಾ ಊರಿನವಳೇ, ಓದಿ ಬಂದ ಹುಡುಗಿ. ಆರ್ಜೆಲಾಳನ್ನು ಕಂಡದ್ದೇ ತಬ್ಬಿಕೊಂಡು ಅತ್ತಳು. ಆರ್ಜೆಲಾ ಅವಳ ತಲೆ ಸವರುತ್ತ ನಿಂತಳು. ಸತ್ತದ್ದು ಯಾರ ಗಂಡ ಎಂದು ಹೊರಗಿನವರು ಕೇಳಬೇಕಿತ್ತು.

"ಶನಿವಾರ ಮಣ್ಣು. ಗಾಡಿ ಬೇಕಮ್ಮ," ಅಂದಳು ಆರ್ಜೆಲಾ.

ಕೆಂಡ್ರಿಯಾ ಕಣ್ಣೊರೆಸಿಕೊಂಡಳು. "ದೊಡ್ಡಮ್ಮಾ, ಅದು ಈಗ ರಸ್ತೆಗೆ ಇಳಿಯೋ ಗಾಡಿ ಅಲ್ಲ. ಏನಾದ್ರೂ ಆದ್ರೆ ಇನ್ನೊಂದು ಎಲ್ಲಿಂದ ತರೋಣ? ದಿನಾ ಮಕ್ಕಳು ಬರ್ತಾವೆ ನೋಡೋಕೆ."

"ಮಕ್ಕಳು ಸೋಮವಾರ ಬರ್ಲಿ," ಅಂದಳು ಕ್ಲಿಯೋಥಾ. "ಅವನ ಗಾಡಿ, ಅವನು ಹೋಗ್ತಾನೆ. ನಿಮ್ಮಜ್ಜಿ ಇದ್ರಲ್ಲಿ ಮಲಗಿದ್ದಾಗ ಗಡಗಡ ನಡುಗಿ ದುಪ್ಪಟಿ ಕುಣೀತಿತ್ತು, ಗೊತ್ತೇನೆ? ಹಾಡು ಹೇಳ್ಕೊಂಡು ಧೈರ್ಯ ತುಂಬಿದ್ದು ಲಾಂಜೊನೇ."

ಕೆಂಡ್ರಿಯಾ ಒಳಗೆ ಹೋಗಿ ಕೀಲಿ ತಂದು ಆರ್ಜೆಲಾಳ ಅಂಗೈಯಲ್ಲಿ ಇಟ್ಟಳು. "ನಮ್ಮಜ್ಜಿನ ಮಣ್ಣಿಗೆ ತಗೊಂಡು ಹೋಗಿದ್ದೂ ಇದೇ ಗಾಡಿ. ನಾನು ಹೇಗೆ ಬೇಡ ಅನ್ಲಿ? ನೀವೇ ಹೇಳಿ ದೊಡ್ಡಮ್ಮಾ, ನೀವು ಹೇಳ್ದಂಗೆ."

ಗಾಡಿ ಎಬ್ಬಿಸಲು ಚರ್ಚಿನ ಹಿರಿಯ ಪರ್ವಿಸನನ್ನು ಕರೆಸಿದರು. ರಿಪೇರಿ ಅಂಗಡಿ ಇಟ್ಟಿದ್ದವನು, ಲಾಂಜೊನ ಜೊತೆ ಮೀನು ಹಿಡಿಯಲು ಹೋಗುತ್ತಿದ್ದವನು. ಬಂದವನು ಬಾನೆಟ್ಟು ಎತ್ತಲಿಲ್ಲ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ಅಕ್ಕಾ, ಅವನು ನಿಮಗೆ ಹೇಳ್ಲಿಲ್ವಾ?"

"ಏನನ್ನ?"

"ಹೊಸ ವರ್ಷ ಕಳೆದು ಸ್ವಲ್ಪ ದಿನಕ್ಕೆ ನನ್ನ ಇಲ್ಲಿಗೆ ಕರ್ಕೊಂಡು ಬಂದ. ಇಬ್ರೂ ಸೇರಿ ಎಣ್ಣೆ ಎಲ್ಲ ಇಳಿಸಿದ್ವಿ, ಬ್ಯಾಟರಿ ತೆಗೆದ್ವಿ, ಚಕ್ರದ ಕೆಳಗೆ ದಿಮ್ಮಿ ಕೊಟ್ವಿ. ತಳಕ್ಕೆಲ್ಲ ತುಕ್ಕು ತಿಂದಿದೆ. ಇನ್ನೊಂದು ಸಲ ಹೊರೆ ಹೊತ್ರೆ ರಸ್ತೇಲೇ ಕಳಚ್ಕೊಳ್ಳುತ್ತೆ ಅಂದ. ಮತ್ತೆ ನೀನು ಯಾವುದ್ರಲ್ಲಿ ಹೋಗ್ತೀಯ, ಅಂತ ಕೇಳ್ದೆ. ಡಾಕ್ಟ್ರು ನಾನು ಬೇಸಿಗೆ ಕಾಣಲ್ಲ ಅಂದಿದಾರೆ, ನಾನು ಯಾವುದ್ರಲ್ಲಾದ್ರೂ ಹೋಗ್ತೀನಿ ಬಿಡು ಅಂದ. ನಾನು ಇದ್ರಲ್ಲಿ ಹೋದ್ರೆ ಇದು ಲಾಂಜೊ ಹೆಣ ಹೋದ ಗಾಡಿ ಆಗುತ್ತೆ, ಬದುಕಿದ್ದೋರು ಮಲಗಿದ್ದು ಮರ್ತುಹೋಗುತ್ತೆ ಅಂದ."

ಗೋದಾಮಿನಲ್ಲಿ ಪಾರಿವಾಳ ರೆಕ್ಕೆ ಬಡಿದ ಸದ್ದಾಯಿತು.

"ಅಕ್ಕನಿಗೆ ಹೇಳಿದ್ಯಾ ಅಂತ ಕೇಳ್ದೆ. ನಾನೇ ಹೇಳ್ತೀನಿ ಅಂದ. ಹೇಳಿರ್ತಾನೆ ಅಂದ್ಕೊಂಡೆ," ಅಂದ ಪರ್ವಿಸ್. "ನೀವು ಬೇಕು ಅಂದ್ರೆ ಈಗಲೂ ಎಬ್ಬಿಸ್ತೀನಿ. ಚರ್ಚಿನವರೆಗೆ ಬರಬಹುದು. ಅಲ್ಲಿಂದಾಚೆ ದೇವರ ಚಿತ್ತ."

ಹೊಸ ವರ್ಷ ಕಳೆದ ಮೇಲೆ ಲಾಂಜೊ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ. ಗ್ಯಾಸು ಎನ್ನುತ್ತಿದ್ದ. ಅವಳು ಬಿಸಿ ನೀರಿಗೆ ಸೋಡಾ ಪುಡಿ ಕದಡಿ ಕೊಡುತ್ತಿದ್ದಳು. ಕುಡಿದು, ಈಗ ಹಗುರಾಯ್ತು ನೋಡು ಎನ್ನುತ್ತಿದ್ದ. ಆರ್ಜೆಲಾಳಿಗೆ ಇದೆಲ್ಲ ನೆನಪಾಯಿತು. ನೆನಪಾದದ್ದು ಎದೆಯವರೆಗೆ ಇಳಿಯಲಿಲ್ಲ. ಗಾಡಿಯ ಹಿಂದಿನ ಗಾಜಿನ ಮೇಲೆ ಕೈ ಇಟ್ಟು ನೋಡಿದಳು, ತಣ್ಣಗಿತ್ತು. ಕೀಲಿಯನ್ನು ತಂದು ಕೆಂಡ್ರಿಯಾಳ ಕೈಗೆ ಹಾಕಿದಳು.

"ಬಿಡಮ್ಮ. ನಿಂತೇ ಇರ್ಲಿ."

"ಅಯ್ಯೋ, ಮತ್ತೆ ನನ್ನ ಗತಿ?" ಅಂದಳು ಕ್ಲಿಯೋಥಾ. "ನಾನೂ ಇದ್ರಲ್ಲೇ ಹೋಗೋದು ಅಂತ ಇಷ್ಟು ವರ್ಷ ಕಾದು ಕೂತಿದೀನಲ್ಲೇ!"

"ನೀನು ಬಸ್ಸಲ್ಲಿ ಹೋಗು. ಈಗ ನಮ್ಮವರಿಗೂ ಮುಂದಿನ ಸೀಟು ಕೊಡ್ತಾರಲ್ಲ."

ಕ್ಲಿಯೋಥಾ ನಗಲು ಹೋಗಿ ಬಿಕ್ಕಿದಳು. ಪರ್ವಿಸ್ ಗೋಡೆಯ ಕಡೆ ತಿರುಗಿಕೊಂಡ. ಆರ್ಜೆಲಾ ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ನಡೆದಳು.

ಶನಿವಾರ ಪಕ್ಕದ ಊರಿನಿಂದ ಹೊಸ ಬೂದು ಬಣ್ಣದ ಗಾಡಿ ಬಂತು. ಚರ್ಚು ಕಿಕ್ಕಿರಿದಿತ್ತು. ಪೆಟ್ಟಿಗೆ ಮುಚ್ಚುವ ಮುಂಚೆ ಹೆಂಡತಿ ಕೊನೆಯ ಸಲ ನೋಡಲು ಎದ್ದಳು. ಬಿಳಿ ಉಡುಪು ತೊಟ್ಟ ಚರ್ಚಿನ ಸೇವಾದಳದ ಹೆಂಗಸರು, ಕೂಗಿ ಬಿದ್ದರೆ ಹಿಡಿದುಕೊಳ್ಳಲೆಂದು ಬೀಸಣಿಗೆ ಹಿಡಿದು ಎರಡೂ ಪಕ್ಕಕ್ಕೆ ಬಂದರು. ಹಾಡುವವರು ದನಿ ತಗ್ಗಿಸಿದರು. ಅವಳು ಬೀಳಲಿಲ್ಲ. ಬಗ್ಗಿ, ಅವನ ಟೈ ಸರಿಮಾಡಿ, ಕಿವಿಯ ಹತ್ತಿರ ಬಾಯಿ ತಂದಳು.

"ಪರ್ವಿಸ್‌ಗೆ ನೀನು ಹೇಳ್ದೆ. ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಎಂದಿನಂತೆ ಉತ್ತರಕ್ಕೆ ಕಾದಳು. ಹಿಂದಿನಿಂದ ಯಾರೋ ತೋಳು ಹಿಡಿದರು.

"ಬಿಡ್ರಮ್ಮ, ನಾನೇ ಬರ್ತೀನಿ," ಅಂದಳು. ಆದರೂ ನಿಂತೇ ಇದ್ದಳು, ಹಾಡು ಮತ್ತೆ ಮೊದಲಿನಿಂದ ಶುರುವಾಗುವವರೆಗೂ.